ತಿನ್ನಿಸಲೆಂದೇ ಬೆಳೆಸುವ ಗಿಡ

ಎಲ್ಲರಿಗೂ ನಮಸ್ಕಾರ.

ಮಿಲ್ಕ್‌ವೀಡ್ ಅನ್ನುವ ಹೆಸರು ಕೆಲವರಿಗೆ ಹೊಸದಿರಬಹುದು. ಆದರೆ ಊರಲ್ಲಿ ಎಕ್ಕದ ಗಿಡ ನೋಡಿದವರಿಗೆ ಇದು ನೆಂಟರ ಪೈಕಿಯೇ. ಎಲೆ ಮುರಿದರೆ ಅದೇ ಬಿಳಿ ಹಾಲು. ಕಾಯಿ ಒಡೆದರೆ ರೇಷ್ಮೆಯಂಥ ಎಳೆ ಕಟ್ಟಿಕೊಂಡು ಗಾಳಿಗೆ ಹಾರುವ ಅದೇ ಥರದ ಬೀಜ. ನಾವಿರುವ ಅಮೆರಿಕದಲ್ಲಿ ಇದರ 70ಕ್ಕೂ ಹೆಚ್ಚು ಸ್ಥಳೀಯ ಜಾತಿಗಳಿವೆ. ಮೊನಾರ್ಕ್ ಚಿಟ್ಟೆಯ ಮರಿಹುಳುವಿಗೆ ಈ ಎಲೆ ಬಿಟ್ಟರೆ ಬೇರೆ ಊಟವೇ ಇಲ್ಲ.

ಈ ಹಾಲು ವಿಷ. ಹುಳು ಅದನ್ನೇ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಅದು ಚಿಟ್ಟೆಯಾದ ಮೇಲೂ ಎಷ್ಟೋ ಹಕ್ಕಿಗಳು ಅದರ ಸುದ್ದಿಗೆ ಹೋಗುವುದಿಲ್ಲ. ಹಾಗಂತ ಹುಳುವಿಗೆ ಊಟ ಸಲೀಸೇನಲ್ಲ. ಆಗ ತಾನೇ ಮೊಟ್ಟೆಯಿಂದ ಬಂದ ಎಷ್ಟೋ ಮರಿಗಳು ಆ ಅಂಟಿಗೆ ಬಾಯಿ ಸಿಕ್ಕಿಕೊಂಡೇ ಸಾಯುತ್ತವೆ. ಬೆಳೆದ ಹುಳು ಇದಕ್ಕೊಂದು ಉಪಾಯ ಕಂಡುಕೊಂಡಿದೆ. ಒಂದು ಬೆಳಿಗ್ಗೆ ಗಿಡದ ಪಕ್ಕ ಕೂತು ನೋಡಿದೆ. ಹುಳು ಮೊದಲು ಎಲೆಯ ತೊಟ್ಟನ್ನು ಕಡಿಯಿತು, ಪೂರ್ತಿ ಅಲ್ಲ, ಅರ್ಧ. ಹಾಲು ಅಲ್ಲೇ ಸೋರಿತು, ಎಲೆ ಜೋತು ಬಿತ್ತು. ಆಮೇಲೆ ಎಲೆ ತುದಿಗೆ ಹೋಗಿ ನಿಧಾನವಾಗಿ ತಿನ್ನಲು ಶುರು ಮಾಡಿತು. ಗದ್ದೆಯಲ್ಲಿ ಕಾಲುವೆಯ ಬಾಯಿ ಕಟ್ಟಿ ನೀರು ನಿಲ್ಲಿಸುತ್ತಾರಲ್ಲ, ಹಾಗೆ! ಅದಕ್ಕೆ ಯಾರು ಕಲಿಸಿದರು?

ನನ್ನ ಮೊದಲ ಗಿಡದ ಕಥೆ ಮಾತ್ರ ಇಷ್ಟು ಚೆನ್ನಾಗಿಲ್ಲ. ಒಂದು ನರ್ಸರಿಯಿಂದ ತಂದು ನೆಟ್ಟೆ. ವಾರದೊಳಗೆ ಹುಳುಗಳು ಬಂದವು. ಮತ್ತೆರಡು ದಿನಕ್ಕೆ ಒಂದೊಂದೇ ಸುರುಟಿಕೊಂಡು ಉದುರಿದವು. ಗಿಡಕ್ಕೆ ಮೊದಲೇ ಕೀಟನಾಶಕ ಕೊಟ್ಟಿದ್ದರು ಅಂತ ಆಮೇಲೆ ಕೇಳಿದಾಗ ಗೊತ್ತಾಯಿತು. ಆ ದಿನದ ಸಂಕಟ ಇನ್ನೂ ಮರೆತಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಈ ಒಂದು ಪ್ರಶ್ನೆ ಕೇಳಿಯೇ ಕೇಳಿ. ಇಲ್ಲ, ಬೀಜದಿಂದಲೇ ಬೆಳೆಸಿ.

ಅಂಗಡಿಗಳಲ್ಲಿ ಕೆಂಪು–ಹಳದಿ ಹೂವಿನ ಉಷ್ಣವಲಯದ ಮಿಲ್ಕ್‌ವೀಡ್ ಜಾಸ್ತಿ ಸಿಗುತ್ತದೆ. ನೋಡಲು ಚಂದ. ಆದರೆ ಅದು ಇಲ್ಲಿಯದಲ್ಲ. ದಕ್ಷಿಣದ ಬೆಚ್ಚಗಿನ ರಾಜ್ಯಗಳಲ್ಲಿ ಚಳಿಗಾಲದಲ್ಲೂ ಹಸಿರಾಗಿಯೇ ಇರುತ್ತದೆ. ಓಇ ಅನ್ನುವ ಪರೋಪಜೀವಿಯ ಕಣಗಳು ಅದೇ ಎಲೆಗಳ ಮೇಲೆ ಕೂಡುತ್ತಾ ಹೋಗುತ್ತವೆ. ಸೋಂಕು ಜೋರಾದರೆ ಚಿಟ್ಟೆಗೆ ರೆಕ್ಕೆ ಸರಿಯಾಗಿ ಬಿಚ್ಚಿಕೊಳ್ಳಲೂ ಆಗುವುದಿಲ್ಲ. ಸ್ಥಳೀಯ ಜಾತಿಗಳು ಚಳಿಗೆ ತಾವಾಗಿಯೇ ಒಣಗಿ, ವಸಂತದಲ್ಲಿ ಬೇರಿನಿಂದ ಹೊಸದಾಗಿ ಚಿಗುರುತ್ತವೆ. ನಾನು ಸ್ಥಳೀಯ ಗಿಡವೇ ಬೇಕು ಅಂತ ಹಟ ಹಿಡಿಯುವುದು ಇದಕ್ಕೇ.

ನೀರು ನಿಲ್ಲುವ ಜಾಗವಿದ್ದರೆ ಗುಲಾಬಿ ಹೂವಿನ ಸ್ವಾಂಪ್ ಮಿಲ್ಕ್‌ವೀಡ್ ಹಾಕಿ. ಒಣ, ಮರಳು ಮಣ್ಣಿಗೆ ಕಿತ್ತಳೆ ಹೂವಿನ ಬಟರ್‌ಫ್ಲೈ ವೀಡ್. ಇದರ ತಾಯಿಬೇರು ಆಳಕ್ಕೆ ಇಳಿಯುತ್ತದೆ, ಒಮ್ಮೆ ನೆಟ್ಟ ಮೇಲೆ ಕಿತ್ತು ಬೇರೆ ಕಡೆ ಇಡಬೇಡಿ. ಕಾಮನ್ ಮಿಲ್ಕ್‌ವೀಡ್ ಬೇರಿನಲ್ಲೇ ಹಬ್ಬುತ್ತದೆ, ಜಾಗ ಜಾಸ್ತಿ ಇದ್ದವರಿಗೆ ಸರಿ.

ಬೀಜಕ್ಕೆ ಚಳಿ ತಾಗಬೇಕು. ಚಳಿಗಾಲಕ್ಕೆ ಮುಂಚೆ ಮಣ್ಣಿಗೆ ಉದುರಿಸಿದರೆ ಸಾಕು. ಇಲ್ಲವಾದರೆ ಒದ್ದೆ ಮರಳಿನಲ್ಲಿ ಬೆರೆಸಿ ಒಂದು ತಿಂಗಳಾದರೂ ಫ್ರಿಜ್ಜಿನಲ್ಲಿಡಿ. ಹಾಲು ಕಣ್ಣಿಗೆ ತಾಗಬಾರದು, ಗಿಡ ಮುಟ್ಟಿದ ಮೇಲೆ ಕೈ ತೊಳೆಯಿರಿ. ಹಳದಿ ಸಸ್ಯಹೇನು ಬಂದೇ ಬರುತ್ತದೆ. ಔಷಧಿ ಹೊಡೆಯಬೇಡಿ. ಮೊಟ್ಟೆ, ಹುಳು ಇಲ್ಲದ ಕಡೆ ನೀರು ಚಿಮ್ಮಿಸಿ ಉದುರಿಸಿ.

ಎಲೆ ಪೂರ್ತಿ ಖಾಲಿಯಾಗಿ ಬರೀ ಕಡ್ಡಿ ಉಳಿದರೆ ನಮ್ಮಲ್ಲಿ ಕೆಲವರಿಗೆ ಗಿಡ ಹಾಳಾಯಿತು ಅನ್ನಿಸುತ್ತದೆ ಅಲ್ವಾ? ನನಗೆ ಅದನ್ನು ನೋಡಿದರೇ ಖುಷಿ. ಗಿಡ ಮತ್ತೆ ಚಿಗುರುತ್ತದೆ. ಆ ಎಲೆ ತಿಂದ ಹುಳು ಚಿಟ್ಟೆಯಾಗಿ ಮೆಕ್ಸಿಕೊದ ಬೆಟ್ಟಗಳವರೆಗೂ ಹೋಗಬಹುದು. ಉತ್ತರ ಅಮೆರಿಕದ ಪೂರ್ವ ಭಾಗದ ಮೊನಾರ್ಕ್‌ಗಳು ಚಳಿಗಾಲ ಕಳೆಯುವ ಆ ಫರ್ ಮರಗಳ ಕಾಡು ಸಂಶೋಧಕರ ಕಣ್ಣಿಗೆ ಬಿದ್ದಿದ್ದೇ 1975ರಲ್ಲಿ. ದಾರಿಯಲ್ಲಿ ಅವಕ್ಕೆ ಮಕರಂದವೂ ಬೇಕು, ಆಸ್ಟರ್, ಗೋಲ್ಡನ್‌ರಾಡ್ ಕೂಡ ಪಕ್ಕದಲ್ಲಿರಲಿ.

ನಮ್ಮ ತೋಟದ ಸ್ವಾಂಪ್ ಮಿಲ್ಕ್‌ವೀಡ್ ಬೀಜ ತಂದಿದ್ದೇನೆ. ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಹೋಗುವಾಗ ಒಂದೊಂದು ಪೊಟ್ಟಣ ತೆಗೆದುಕೊಂಡು ಹೋಗಿ.