ಅಣ್ವಸ್ತ್ರ ನಿರ್ಮೂಲನೆ ಆಗದ ಮಾತೇ?

ನಮಸ್ಕಾರ. ಮಂಗಳೂರಿನಿಂದ ಮಾತನಾಡುತ್ತಿದ್ದೇನೆ. ಜಗತ್ತಿನ ಎಲ್ಲ ಅಣ್ವಸ್ತ್ರಗಳನ್ನೂ ನಾಶಮಾಡಬೇಕು ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಕೊಡುವ ಉತ್ತರ, ‘ಕೇಳಲಿಕ್ಕೆ ಚೆಂದ, ಆದರೆ ಆಗುವ ಮಾತಲ್ಲ’ ಎಂಬುದು. ಹೀಗೆನ್ನುವವರು ತಮ್ಮನ್ನು ವಾಸ್ತವವಾದಿಗಳೆಂದು ಕರೆದುಕೊಳ್ಳುತ್ತಾರೆ. ಆದರೆ ಒಂಬತ್ತು ದೇಶಗಳ ಕೈಯಲ್ಲಿರುವ ಸುಮಾರು 12,000 ಸಿಡಿತಲೆಗಳು ಯಾವ ಯಂತ್ರದೋಷಕ್ಕೂ ಯಾವ ಮನುಷ್ಯನ ದುಡುಕಿಗೂ ಸಿಗದೆ ಎಂದೆಂದಿಗೂ ಸುಮ್ಮನೆ ಬಿದ್ದಿರುತ್ತವೆ ಎಂಬ ನಂಬಿಕೆಯ ಮೇಲೆಯೇ ಅವರ ವಾದ ನಿಂತಿದೆ. ಇದಕ್ಕಿಂತ ದೊಡ್ಡ ಹಗಲುಗನಸು ನನಗಂತೂ ಕಾಣುವುದಿಲ್ಲ.

2022ರ ಮಾರ್ಚ್ 9ರಂದು ನಮ್ಮದೇ ದೇಶದ ಬ್ರಹ್ಮೋಸ್ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ, ಗಡಿ ದಾಟಿ, ಪಾಕಿಸ್ತಾನದ ಮಿಯಾ ಚನ್ನು ಎಂಬ ಊರಿನ ಬಳಿ ಬಿದ್ದಿತು. ಯಾರ ಪ್ರಾಣವೂ ಹೋಗಲಿಲ್ಲ. ವಾಯುಪಡೆಯ ಮೂವರು ಅಧಿಕಾರಿಗಳು ಕೆಲಸ ಕಳೆದುಕೊಂಡರು. ಎರಡು ಅಣ್ವಸ್ತ್ರ ರಾಷ್ಟ್ರಗಳ ನಡುವೆ ನಡೆದ ಈ ಘಟನೆಯನ್ನು ನಾವು ಎಷ್ಟು ಬೇಗ ಮರೆತೆವು ಎಂಬುದೇ ನನಗೆ ಆಶ್ಚರ್ಯ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಮೋಡಗಳ ಮೇಲೆ ಪ್ರತಿಫಲಿಸಿದ ಬಿಸಿಲನ್ನು ಅಮೆರಿಕದ ಕ್ಷಿಪಣಿಗಳೆಂದು ತೋರಿಸಿದಾಗ, ಇದು ಸುಳ್ಳು ಎಚ್ಚರಿಕೆ ಇರಬೇಕೆಂದು ತೀರ್ಮಾನಿಸಿದವರು ಸ್ತಾನಿಸ್ಲಾವ್ ಪೆಟ್ರೋವ್ ಎಂಬ ಒಬ್ಬ ಅಧಿಕಾರಿ. ಅವರಿಗೆ ಕೆಲವು ನಿಮಿಷಗಳ ಕಾಲಾವಕಾಶವಾದರೂ ಇತ್ತು. ಗಡಿ ಹಂಚಿಕೊಂಡಿರುವ ಭಾರತ ಮತ್ತು ಪಾಕಿಸ್ತಾನಗಳಿಗೆ ಅಷ್ಟೂ ಸಿಗಲಾರದು.

ಗಡಿಯಿಂದ ದೂರವಿದ್ದೇವೆಂದು ಕರಾವಳಿಯವರು ನೆಮ್ಮದಿಯಿಂದಿರುವಂತಿಲ್ಲ. ಬಂದರು, ತೈಲ ಸಂಸ್ಕರಣಾಗಾರ, ಮಂಗಳೂರು ಮತ್ತು ಪಾದೂರಿನಲ್ಲಿ ನೆಲದಡಿಯಲ್ಲಿರುವ ಕಚ್ಚಾ ತೈಲ ಸಂಗ್ರಹಾಗಾರಗಳು ಯುದ್ಧಕಾಲದಲ್ಲಿ ಯಾವ ಶತ್ರುವಿನ ಪಟ್ಟಿಯಲ್ಲಿ ಇರುವುದಿಲ್ಲ? ಮಣಿಪಾಲದಿಂದ ದೇರಳಕಟ್ಟೆಯವರೆಗೆ ಸಾಲುಸಾಲು ವೈದ್ಯಕೀಯ ಕಾಲೇಜುಗಳಿವೆ ಎಂಬ ಹೆಮ್ಮೆ ನಮಗಿದೆ. ಆದರೂ 2010ರ ಮೇ 22ರಂದು ಬಜ್ಪೆಯಲ್ಲಿ ಒಂದೇ ಒಂದು ವಿಮಾನ ಉರಿದು 158 ಮಂದಿ ಸತ್ತಾಗ, ಶವಗಳ ಗುರುತು ಹಿಡಿಯುವುದಕ್ಕೇ ಈ ಊರು ಎಷ್ಟು ಕಷ್ಟಪಟ್ಟಿತೆಂಬುದು ಇಲ್ಲಿಯವರಿಗೆ ನೆನಪಿದೆ. ಅಂದು ಆಸ್ಪತ್ರೆಗಳು, ರಸ್ತೆಗಳು, ವಿದ್ಯುತ್ತು, ವೈದ್ಯರು ಎಲ್ಲವೂ ಸುರಕ್ಷಿತವಾಗಿದ್ದವು. ಹಿರೋಶಿಮಾದಲ್ಲಿ ವೈದ್ಯರು ಮತ್ತು ದಾದಿಯರಲ್ಲಿ ಶೇ. 90ಕ್ಕಿಂತ ಹೆಚ್ಚಿನವರು ಸ್ವತಃ ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು. 1945ರ ಕೊನೆಯ ಹೊತ್ತಿಗೆ ಅಲ್ಲಿ ಸತ್ತವರು ಸುಮಾರು 1,40,000. ಆ ಬಾಂಬಿನ ಶಕ್ತಿ ಸುಮಾರು 15 ಕಿಲೋಟನ್. ಇಂದಿನ ಅನೇಕ ಸಿಡಿತಲೆಗಳ ಶಕ್ತಿ ಅದರ ಹಲವು ಪಟ್ಟು.

ಇನ್ನು, ಆಗುವ ಮಾತೋ ಅಲ್ಲವೋ ಎಂಬ ಪ್ರಶ್ನೆ. 1980ರ ದಶಕದ ನಡುವಿನಲ್ಲಿ ಜಗತ್ತಿನಲ್ಲಿ ಸುಮಾರು 70,000 ಸಿಡಿತಲೆಗಳಿದ್ದವು. ಅವು ಈಗಿನ ಮಟ್ಟಕ್ಕೆ ಇಳಿದದ್ದರಲ್ಲಿ ಪರಸ್ಪರ ನಂಬದ ಎರಡು ದೇಶಗಳು, ಅಂದರೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ (ನಂತರ ರಷ್ಯಾ), ಒಂದರ ನೆಲೆಗೆ ಇನ್ನೊಂದು ತಪಾಸಕರನ್ನು ಕಳುಹಿಸಿ ಪಾಲಿಸಿದ ಒಪ್ಪಂದಗಳ ಪಾಲು ದೊಡ್ಡದು. ದಕ್ಷಿಣ ಆಫ್ರಿಕಾ ತಾನು ಕಟ್ಟಿದ್ದ ಆರು ಬಾಂಬುಗಳನ್ನು ತಾನೇ ಕಳಚಿಹಾಕಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ರಾಸಾಯನಿಕ ಅಸ್ತ್ರಗಳದು. 1997ರಲ್ಲಿ ಜಾರಿಗೆ ಬಂದ ಒಪ್ಪಂದದಡಿ ಭಾರತ ತನ್ನ ಬಳಿ ಅಂಥ ಅಸ್ತ್ರಗಳಿವೆ ಎಂದು ಘೋಷಿಸಿ, ಅಂತರರಾಷ್ಟ್ರೀಯ ತಪಾಸಕರ ಕಣ್ಣೆದುರಿನಲ್ಲಿಯೇ 2009ರೊಳಗೆ ಅವನ್ನೆಲ್ಲ ನಾಶಮಾಡಿತು. ಇದರಿಂದ ನಮ್ಮ ಸಾರ್ವಭೌಮತ್ವಕ್ಕೆ ಯಾವ ಕುಂದೂ ಬರಲಿಲ್ಲ. 2023ರ ಜುಲೈಯಲ್ಲಿ ಅಮೆರಿಕ ತನ್ನ ಕೊನೆಯ ದಾಸ್ತಾನನ್ನು ಮುಗಿಸಿತು. ಈ ಒಪ್ಪಂದಕ್ಕೆ ಸೇರಿದ ಮೇಲೂ ಸಿರಿಯಾ ಮೋಸ ಮಾಡಿತು, ನಿಜ. ಆದರೆ ಅದಕ್ಕಾಗಿ ಉಳಿದವರು ಮತ್ತೆ ವಿಷಾನಿಲ ತಯಾರಿಸಬೇಕೆಂದು ಯಾರೂ ವಾದಿಸಲಿಲ್ಲ. ಬಾಂಬಿಗೆ ಬೇಕಾದ ಯುರೇನಿಯಂ, ಪ್ಲುಟೋನಿಯಂಗಳನ್ನು ತಯಾರಿಸಲು ದೊಡ್ಡ ಸ್ಥಾವರಗಳೇ ಬೇಕು, ಅವುಗಳ ಮೇಲೆ ಕಣ್ಣಿಡಬಹುದು. ಈಗಾಗಲೇ ತಯಾರಾಗಿರುವುದನ್ನು ಯಾರೂ ಬಚ್ಚಿಡದಂತೆ ನೋಡಿಕೊಳ್ಳುವುದೇ ಕಠಿಣವಾದ ಕೆಲಸ.

ಉಕ್ರೇನಿನ ಕಥೆ ಏನಾಯಿತು ಎಂದು ನೀವು ಕೇಳಬಹುದು, ಕೇಳಲೇಬೇಕು. ತನ್ನ ನೆಲದಲ್ಲಿದ್ದ ಸೋವಿಯತ್ ಕಾಲದ ಅಸ್ತ್ರಗಳನ್ನು 1994ರ ಬುಡಾಪೆಸ್ಟ್ ಒಡಂಬಡಿಕೆಯ ಭರವಸೆಯನ್ನು ನಂಬಿ ಬಿಟ್ಟುಕೊಟ್ಟ ಆ ದೇಶದ ಮೇಲೆ, ಭರವಸೆ ಕೊಟ್ಟ ರಷ್ಯಾವೇ ದಾಳಿ ಮಾಡಿತು. ಒಬ್ಬರು ಬಿಟ್ಟು ಇನ್ನೊಬ್ಬರು ಇಟ್ಟುಕೊಂಡರೆ ಆಗುವ ಅನಾಹುತ ಇದು. ಆದ್ದರಿಂದಲೇ ಭಾರತ ಒಂಟಿಯಾಗಿ ಅಸ್ತ್ರ ಕೆಳಗಿಡಲಿ ಎಂದು ನಾನು ಹೇಳುತ್ತಿಲ್ಲ. ಎಲ್ಲರೂ, ಒಂದೇ ವೇಳಾಪಟ್ಟಿಯಲ್ಲಿ, ಒಂದೇ ತಪಾಸಣೆಯಡಿ ಎಂಬುದು ನನ್ನ ವಾದ.

ಇದು ನನ್ನ ಸ್ವಂತದ ಹೊಸ ಯೋಚನೆಯೂ ಅಲ್ಲ. 1988ರ ಜೂನ್ 9ರಂದು ಪ್ರಧಾನಿ ರಾಜೀವ್ ಗಾಂಧಿ ವಿಶ್ವಸಂಸ್ಥೆಯಲ್ಲಿ, 2010ರೊಳಗೆ ಹಂತಹಂತವಾಗಿ ಎಲ್ಲ ಅಣ್ವಸ್ತ್ರಗಳನ್ನೂ ಇಲ್ಲವಾಗಿಸುವ ಯೋಜನೆಯನ್ನು ಮಂಡಿಸಿದ್ದರು. ವಾಜಪೇಯಿ ಸರ್ಕಾರ 2003ರಲ್ಲಿ ಪ್ರಕಟಿಸಿದ ಪರಮಾಣು ನೀತಿಯಲ್ಲಿಯೂ, ಮೊದಲು ಬಳಸುವುದಿಲ್ಲವೆಂಬ ಮಾತಿನ ಜೊತೆಗೆ, ಅಣ್ವಸ್ತ್ರರಹಿತ ಜಗತ್ತಿನ ಗುರಿಗೆ ಬದ್ಧವೆಂಬ ಮಾತಿದೆ. ಹೀಗಿದ್ದೂ 2017ರಲ್ಲಿ 122 ದೇಶಗಳು ಮತ ಹಾಕಿ ಅಂಗೀಕರಿಸಿದ ಅಣ್ವಸ್ತ್ರ ನಿಷೇಧ ಒಪ್ಪಂದದ ಮಾತುಕತೆಗೆ ನಾವು ಹೋಗಲೇ ಇಲ್ಲ. 2021ರ ಜನವರಿ 22ರಿಂದ ಅದು ಜಾರಿಯಲ್ಲಿದೆ. ಅಮೆರಿಕದ ಅಣ್ವಸ್ತ್ರಗಳ ಆಶ್ರಯದಲ್ಲಿರುವ ಜರ್ಮನಿ, ನಾರ್ವೆಗಳೇ 2022ರಲ್ಲಿ ವಿಯೆನ್ನಾದಲ್ಲಿ ನಡೆದ ಅದರ ಮೊದಲ ಸಭೆಯಲ್ಲಿ ವೀಕ್ಷಕರಾಗಿ ಕುಳಿತಿದ್ದವು. ಮುಂದಿನ ಸಭೆಗೆ ಭಾರತವೂ ವೀಕ್ಷಕನಾಗಿ ಹೋಗಲಿ ಎಂದು ನಮ್ಮ ಸಂಸದರು ಲೋಕಸಭೆಯಲ್ಲಿ ಕೇಳಬಹುದು. ವೀಕ್ಷಕರ ಸಾಲಿನಲ್ಲಿ ಕುಳಿತುಕೊಳ್ಳುವುದಕ್ಕೆ ಒಂದೇ ಒಂದು ಸಿಡಿತಲೆಯನ್ನೂ ಮೊದಲೇ ಬಿಟ್ಟುಕೊಡಬೇಕಾಗಿಲ್ಲ.