ಹೊಟ್ಟೆಯ ಬೆಂಕಿ ಅಂದರೆ ಹೊಟ್ಟೆಕಿಚ್ಚಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ಒಂದು ಪ್ರಶ್ನೆ ಕೇಳಿಯೇ ಶುರು ಮಾಡುತ್ತೇನೆ. ಸರ್ಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಹೀಗೊಂದು ಇಂಗ್ಲಿಷ್ ವಾಕ್ಯ ಬಂದಿದೆ ಅಂದುಕೊಳ್ಳಿ: ‘ಶಿ ಹ್ಯಾಸ್ ಫೈರ್ ಇನ್ ಹರ್ ಬೆಲ್ಲಿ’. ಕೆಳಗೆ ನಾಲ್ಕು ಆಯ್ಕೆ. ಆಕೆಗೆ ಹೊಟ್ಟೆಕಿಚ್ಚು. ಆಕೆಗೆ ವಿಪರೀತ ಹಸಿವು. ಆಕೆಗೆ ಎದೆಯುರಿ. ಆಕೆಗೆ ಸಾಧಿಸಬೇಕೆಂಬ ಛಲ. ಕನ್ನಡ ಮಾತಾಡಿ ಬೆಳೆದವರ ಕಣ್ಣು ಮೊದಲು ಹೊಟ್ಟೆಕಿಚ್ಚಿನ ಮೇಲೇ ಬೀಳುತ್ತದೆ, ಅಲ್ವಾ? ಹೊಟ್ಟೆ, ಬೆಂಕಿ ಎರಡೂ ಇವೆಯಲ್ಲ, ಇನ್ನೇನು ಬೇಕು ಅನಿಸುತ್ತದೆ. ಆದರೆ ಸರಿ ಉತ್ತರ ಕೊನೆಯದು, ಛಲ.

ಇಂಥ ಇಂಗ್ಲಿಷ್ ನುಡಿಗಟ್ಟಿನ ಪ್ರಶ್ನೆಗಳು ಪರೀಕ್ಷೆಯಲ್ಲಿ ಒಂದೆರಡು ಬರುತ್ತವೆ, ಅಷ್ಟೇ. ಅಷ್ಟಕ್ಕೆ ಯಾಕೆ ಇಷ್ಟು ಕಷ್ಟ ಅಂತ ಕೇಳುವವರಿದ್ದಾರೆ. ಪದವೀಧರರನ್ನು ಕೇಂದ್ರ ಸರ್ಕಾರದ ನೌಕರಿಗೆ ಆರಿಸಲು ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತವನ್ನೇ ನೋಡಿ. 100 ಪ್ರಶ್ನೆ, 60 ನಿಮಿಷ. ಅದರಲ್ಲಿ 25 ಪ್ರಶ್ನೆ ಇಂಗ್ಲಿಷಿನವು. ಸರಿಯಾದರೆ 2 ಅಂಕ, ತಪ್ಪಾದರೆ ಅರ್ಧ ಅಂಕ ಕಡಿತ. ಅರ್ಥ ಗೊತ್ತಿದ್ದರೆ ನುಡಿಗಟ್ಟಿನ ಪ್ರಶ್ನೆ ಮುಗಿಸಲು ಹತ್ತು ಸೆಕೆಂಡು ಸಾಕು. ಉಳಿದ ಸಮಯ ಬೇರೆ ಪ್ರಶ್ನೆಗಳಿಗೆ ಸಿಗುತ್ತದೆ. ಅದೇ ಕಮಿಷನ್ ಸಹಾಯಕ ಸಿಬ್ಬಂದಿಯ ನೇಮಕಕ್ಕೆ ನಡೆಸುವ ಎಂಟಿಎಸ್ ಪರೀಕ್ಷೆಯನ್ನು 2023ರಿಂದ ಕನ್ನಡದಲ್ಲೂ ಬರೆಯಬಹುದು. ಇದು ನಮಗೆ ನಿಜಕ್ಕೂ ದೊಡ್ಡ ಅನುಕೂಲ. ಆದರೆ ಅಲ್ಲೂ ಇಂಗ್ಲಿಷ್ ವಿಭಾಗ ಇದ್ದೇ ಇದೆ, ಅದನ್ನು ಇಂಗ್ಲಿಷಿನಲ್ಲೇ ಬಿಡಿಸಬೇಕು.

ಧಾರವಾಡದ ಸಪ್ತಾಪುರದ ಕಡೆಗೋ ಬೆಂಗಳೂರಿನ ವಿಜಯನಗರದ ಕಡೆಗೋ ಹೋದರೆ, ಈ ಪರೀಕ್ಷೆಗಳಿಗೆ ತಯಾರಾಗುವವರು ಓದುವ ಕೋಣೆಗಳ ಮೇಜಿನ ಮೇಲೆ ಒಂದೇ ಥರದ ನೋಟ್‌ಬುಕ್ ಕಾಣುತ್ತವೆ. ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ಇಂಗ್ಲಿಷ್ ನುಡಿಗಟ್ಟು, ಬಲಕ್ಕೆ ಅರ್ಥ. ‘ಬರ್ನ್ ದ ಮಿಡ್‌ನೈಟ್ ಆಯಿಲ್’, ತಡರಾತ್ರಿವರೆಗೆ ಓದು. ‘ಕಾಲ್ ಇಟ್ ಎ ಡೇ’, ಆ ದಿನದ ಕೆಲಸ ಮುಗಿಸು. ಹೀಗೆ ಪುಟಗಟ್ಟಲೆ. ಮಕ್ಕಳು ಪಟ್ಟ ಶ್ರಮ ಕಂಡು ಮನಸ್ಸು ತುಂಬಿ ಬರುತ್ತದೆ. ಆದರೆ ಪಟ್ಟಿ ಉರು ಹೊಡೆದರೆ ವಾರದಲ್ಲಿ ಅರ್ಧ ಮರೆತುಹೋಗುತ್ತದೆ. ಉಳಿದರ್ಧ ಒಂದಕ್ಕೊಂದು ಬೆರೆತುಹೋಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಹೊಸ ವಿದ್ಯೆ ಏನಲ್ಲ. ‘ಕಳ್ಳ ಕಾಲಿಗೆ ಬುದ್ಧಿ ಹೇಳಿದ’ ಅಂದರೆ ಓಡಿಹೋದ ಅಂತ ನಮ್ಮ ಮೂರನೇ ಕ್ಲಾಸಿನ ಹುಡುಗಿಗೂ ಗೊತ್ತು. ಅವಳು ಅದನ್ನು ಪಟ್ಟಿ ಮಾಡಿ ಕಲಿಯಲಿಲ್ಲ. ಯಾರೋ ಓಡಿದ್ದನ್ನು ಯಾರೋ ಹೇಳುವಾಗ ಕೇಳಿಸಿಕೊಂಡಳು. ಇಂಗ್ಲಿಷಿನ ‘ಟೇಕ್ ಟು ಒನ್ಸ್ ಹೀಲ್ಸ್’ ಅಂದರೂ ಅದೇ. ‘ಕ್ಯಾಸಲ್ಸ್ ಇನ್ ದಿ ಏರ್’ ನಮ್ಮ ಗಾಳಿಗೋಪುರ. ‘ಬಿಟ್ವೀನ್ ದ ಡೆವಿಲ್ ಅಂಡ್ ದ ಡೀಪ್ ಸೀ’ ಅಂದರೆ ಅತ್ತ ದರಿ ಇತ್ತ ಪುಲಿ. ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕಿದರು ಅಂತ ಅವರು ಹೇಳಿದರೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ನಾವು ಹೇಳುತ್ತೇವೆ. ಇಂಥವುಗಳ ಮುಂದೆ ನಮ್ಮ ಗಾದೆ ಬರೆದಿಟ್ಟುಕೊಳ್ಳಿ, ಸಾಕು.

ನಿಜವಾದ ತೊಂದರೆ ಬೇರೆ ಕಡೆ ಇದೆ. ಚಿತ್ರ ನಮ್ಮದರ ಹಾಗೇ ಇರುತ್ತದೆ, ಅರ್ಥ ಮಾತ್ರ ಬೇರೆ ಇರುತ್ತದೆ. ಹೊಟ್ಟೆಯ ಬೆಂಕಿ ಅಂಥದ್ದು. ಇನ್ನೊಂದು ‘ಗಿವ್ ಎ ಹ್ಯಾಂಡ್’. ನಮ್ಮಲ್ಲಿ ಒಬ್ಬ ಕೈ ಕೊಟ್ಟ ಅಂದರೆ ನಡುನೀರಿನಲ್ಲಿ ಬಿಟ್ಟುಹೋದ ಅಂತ. ಮಳೆ ಕೈ ಕೊಟ್ಟಿತು, ಸಾಲ ಕೊಡುತ್ತೇನೆ ಅಂದವನು ಕೈ ಕೊಟ್ಟ. ಇಂಗ್ಲಿಷಿನಲ್ಲಿ ಕೈ ಕೊಟ್ಟವನು ಸಹಾಯ ಮಾಡಿದವನು! ‘ಪುಲ್ ಸಮ್‌ಒನ್ಸ್ ಲೆಗ್’ ಕೂಡ ಹೀಗೇ. ಅಲ್ಲಿ ಅದು ಬರೀ ತಮಾಷೆ, ಚುಡಾಯಿಸುವುದು. ನಮ್ಮಲ್ಲೂ ಗೆಳೆಯರು ಹೀಗೆ ಕಾಲೆಳೆಯುತ್ತಾರೆ, ನಿಜ. ಆದರೆ ಮೇಲೆ ಬರುವವನನ್ನು ಕೆಳಗೆ ಜಗ್ಗುವುದಕ್ಕೂ ಕಾಲೆಳೆಯುವುದು ಅಂತಲೇ ಹೇಳುತ್ತೇವೆ. ಆಯ್ಕೆಗಳಲ್ಲಿ ಎರಡೂ ಇದ್ದರೆ ಚುಡಾಯಿಸುವುದನ್ನೇ ಗುರುತು ಮಾಡಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಥ ಮಾತುಗಳಿಗೆ ಬೇರೆ ಪುಟ ಇರಲಿ. ಆ ಪುಟವನ್ನು ಉಳಿದೆಲ್ಲದಕ್ಕಿಂತ ಜಾಸ್ತಿ ಸಲ ತಿರುವಿ ಹಾಕಿ.

ಇನ್ನು ಕೆಲವು ಮಾತುಗಳಿಗೆ ನಮ್ಮಲ್ಲಿ ಜೋಡಿಯೇ ಸಿಗುವುದಿಲ್ಲ. ಅವು ಇಂಗ್ಲೆಂಡಿನ ಊರು, ಮನುಷ್ಯರು, ಕಾನೂನುಗಳಿಂದ ಬಂದವು. ಅವುಗಳ ಹಿಂದಿನ ಕಥೆ ತಿಳಿದುಕೊಂಡರೆ ಉರು ಹೊಡೆಯುವ ಕೆಲಸವೇ ಇಲ್ಲ. ಕೇಂಬ್ರಿಡ್ಜಿನಲ್ಲಿ ಥಾಮಸ್ ಹಾಬ್ಸನ್ ಅಂತ ಒಬ್ಬ ಕುದುರೆ ಬಾಡಿಗೆಗೆ ಕೊಡುವವನಿದ್ದ. 1631ರಲ್ಲಿ ತೀರಿಕೊಂಡ. ಅವನ ಲಾಯದಲ್ಲಿ ಬೇಕಾದಷ್ಟು ಕುದುರೆ. ಆದರೆ ಬಂದವರೆಲ್ಲ ಒಳ್ಳೆಯ ಕುದುರೆಗಳನ್ನೇ ಕೇಳಿದರೆ ಅವು ಸುಸ್ತಾಗಿ ಹಾಳಾಗುತ್ತವೆ. ಅದಕ್ಕೆ ಸರದಿ ಇಟ್ಟ. ಬಾಗಿಲ ಹತ್ತಿರ ಯಾವುದು ನಿಂತಿದೆಯೋ ಅದನ್ನೇ ಒಯ್ಯಬೇಕು. ಇಲ್ಲದಿದ್ದರೆ ನಡೆದುಕೊಂಡು ಹೋಗಬೇಕು. ‘ಹಾಬ್ಸನ್ಸ್ ಚಾಯ್ಸ್’ ಅಂದರೆ ಹೆಸರಿಗೆ ಮಾತ್ರ ಆಯ್ಕೆ. ಆಯ್ಕೆಗಳ ಪೈಕಿ ‘ಅತ್ಯುತ್ತಮ ಆಯ್ಕೆ’ ಅಂತ ಒಂದು ಇರಬಹುದು. ಆ ಬಾಗಿಲ ಬಳಿಯ ಕುದುರೆ ನೆನಪಿಗೆ ಬಂದರೆ ನೀವು ಅದರ ಹತ್ತಿರವೂ ಹೋಗುವುದಿಲ್ಲ.

‘ಟರ್ನ್ ಎ ಬ್ಲೈಂಡ್ ಐ’ ಅಂದ ಕೂಡಲೇ ನೌಕಾಪಡೆಯ ನೆಲ್ಸನ್ ನೆನಪಾಗಬೇಕು. 1801ರಲ್ಲಿ ಕೋಪನ್‌ಹೇಗನ್ ಬಳಿ ಕಾಳಗ ನಡೆದಿತ್ತು. ಹಿಂದೆ ಸರಿಯಬಹುದು ಅಂತ ಮೇಲಧಿಕಾರಿಯ ಹಡಗಿನಿಂದ ಬಾವುಟದ ಸನ್ನೆ ಬಂತು. ನೆಲ್ಸನ್‌ಗೆ ಅಷ್ಟರಲ್ಲಾಗಲೇ ಒಂದು ಕಣ್ಣಿನ ದೃಷ್ಟಿ ಹೋಗಿತ್ತು. ಅವನು ದೂರದರ್ಶಕವನ್ನು ಕುರುಡು ಕಣ್ಣಿಗೆ ಹಿಡಿದು, ನನಗೆ ಸನ್ನೆ ಕಾಣುತ್ತಿಲ್ಲ ಅಂದನಂತೆ. ಕಾಳಗ ಮುಂದುವರಿಸಿದ, ಗೆದ್ದ. ಕಂಡೂ ಕಾಣದಂತೆ ಇರುವುದು ಅನ್ನುವ ಅರ್ಥವನ್ನು ಈ ಕಥೆ ಕೇಳಿದವರು ಮರೆಯುವುದಿಲ್ಲ. ಇನ್ನೊಂದು ‘ರೀಡ್ ದ ರಯಟ್ ಆ್ಯಕ್ಟ್’, ಅಂದರೆ ಖಡಕ್ಕಾಗಿ ಎಚ್ಚರಿಕೆ ಕೊಡುವುದು. ಇದರ ಹಿಂದೆ ನಿಜವಾದ ಒಂದು ಕಾಯ್ದೆ ಇದೆ, 1715ರಲ್ಲಿ ಜಾರಿಗೆ ಬಂದದ್ದು. ಹನ್ನೆರಡು ಅಥವಾ ಹೆಚ್ಚು ಜನ ಗುಂಪು ಕಟ್ಟಿ ಗಲಾಟೆ ಮಾಡಿದರೆ ಅಧಿಕಾರಿ ಬಂದು ಕಾಯ್ದೆಯ ಮಾತನ್ನು ಜೋರಾಗಿ ಓದುತ್ತಿದ್ದ. ಒಂದು ಗಂಟೆಯೊಳಗೆ ಚದುರದಿದ್ದರೆ ಘೋರ ಅಪರಾಧ.

‘ಕ್ಯಾರಿ ಕೋಲ್ಸ್ ಟು ನ್ಯೂಕ್ಯಾಸಲ್’ ಬಗ್ಗೆ ಬಹಳ ಹೇಳಬೇಕಿಲ್ಲ. ನ್ಯೂಕ್ಯಾಸಲ್ ಹಿಂದೆ ಕಲ್ಲಿದ್ದಲಿನ ಊರಾಗಿತ್ತು. ಲಂಡನ್ನಿಗೆ ಹಡಗು ಹಡಗು ಕಲ್ಲಿದ್ದಲು ಹೋಗುತ್ತಿದ್ದದ್ದೇ ಅಲ್ಲಿಂದ. ಬ್ಯಾಡಗಿಗೆ ಮೆಣಸಿನಕಾಯಿ ಹೊತ್ತುಕೊಂಡು ಹೋದ ಹಾಗೆ, ಬೇಕಾದಷ್ಟು ಇರುವಲ್ಲಿಗೇ ಮತ್ತೆ ಒಯ್ಯುವ ವ್ಯರ್ಥ ಕೆಲಸ ಅಂದುಕೊಳ್ಳಿ. ‘ಸ್ಟಿಕಿ ವಿಕೆಟ್’ ಅಂತೂ ಕ್ರಿಕೆಟ್ ಆಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆಗೆ ನೆನೆದ ಪಿಚ್ ಬಿಸಿಲಿಗೆ ಒಣಗುತ್ತಿರುವಾಗ ಚೆಂಡು ಹೇಗೆ ಪುಟಿಯುತ್ತದೋ ಹೇಳಲಾಗದು. ಅಂಥ ಇಕ್ಕಟ್ಟಿಗೆ ಈ ಮಾತು.

ಕಲಿಯುವುದು ಹೇಗೆ ಅಂತ ಕೇಳಿದರೆ, ನನ್ನ ಮಟ್ಟಿಗೆ ಹಳೆಯ ಪ್ರಶ್ನೆಪತ್ರಿಕೆಗಳಿಗಿಂತ ಒಳ್ಳೆಯ ಪುಸ್ತಕ ಇಲ್ಲ. ಒಮ್ಮೆ ಕೇಳಿದ ನುಡಿಗಟ್ಟುಗಳು ಮತ್ತೆ ಮತ್ತೆ ಬರುತ್ತವೆ. ದಿನಕ್ಕೆ ಐದು ಸಾಕು. ಒಂದೊಂದಕ್ಕೂ ನಿಮ್ಮ ಮನೆಯದೋ ಊರಿನದೋ ಒಂದು ವಾಕ್ಯ ಕಟ್ಟಿ. ‘ಮೈ ಬ್ರದರ್ ಕಮ್ಸ್ ಹೋಮ್ ಒನ್ಸ್ ಇನ್ ಎ ಬ್ಲೂ ಮೂನ್’. ಅಣ್ಣ ಊರಿಗೆ ಬರುವುದು ಅಪರೂಪ ಅಂತ. ನಿಮ್ಮ ಅಣ್ಣನೇ ಆ ವಾಕ್ಯದಲ್ಲಿದ್ದರೆ ಅದು ತಲೆಯಿಂದ ಹೋಗುವುದಿಲ್ಲ. ರೂಮಿನ ಗೆಳೆಯರ ಜೊತೆ ಆ ವಾಕ್ಯವನ್ನು ಬಾಯಿಬಿಟ್ಟು ಹೇಳಿ. ಸುಮ್ನೆ ಕಣ್ಣಲ್ಲಿ ಓದಿದರೆ ಸಾಲದು.

ಎಷ್ಟು ಓದಿದರೂ ಗೊತ್ತಿಲ್ಲದ ನುಡಿಗಟ್ಟು ಎದುರಾಗಬಹುದು. ಗಾಬರಿ ಬೇಡ. ವಾಕ್ಯ ಕೊಟ್ಟಿದ್ದರೆ ಅದನ್ನು ಪೂರ್ತಿ ಓದಿ. ಹೊಸ ಕ್ರೀಡಾಂಗಣ ‘ವೈಟ್ ಎಲಿಫೆಂಟ್’ ಆಯಿತು, ಅಲ್ಲಿ ಪಂದ್ಯವೇ ನಡೆಯುವುದಿಲ್ಲ ಅಂತ ಇದ್ದರೆ, ಆ ಎರಡನೇ ಮಾತೇ ದಾರಿ ತೋರಿಸುತ್ತದೆ. ದುಬಾರಿ, ಆದರೆ ಉಪಯೋಗವಿಲ್ಲ. ಆಮೇಲೆ, ಶಬ್ದಕ್ಕೆ ಶಬ್ದ ಇಟ್ಟ ಹಾಗಿರುವ ಆಯ್ಕೆಯನ್ನು ಅನುಮಾನದಿಂದಲೇ ನೋಡಿ. ಬಿಳಿ ಬಣ್ಣದ ಪ್ರಾಣಿ ಅಂತ ಇದ್ದರೆ ಅದನ್ನು ಹೊಡೆದುಹಾಕಿ. ಹೀಗೆ ಎರಡು ಆಯ್ಕೆ ಬಿಟ್ಟುಹೋದರೆ ಉಳಿದ ಎರಡರಲ್ಲಿ ಒಂದನ್ನು ಗುರುತು ಮಾಡಿ. 2 ಅಂಕದ ಎದುರು ಅರ್ಧ ಅಂಕ, ಲೆಕ್ಕ ನಿಮ್ಮ ಕಡೆಗೇ ಇದೆ. ಸೇನೆಯ ಅಧಿಕಾರಿಗಳ ಆಯ್ಕೆಗೆ ನಡೆಯುವ ಸಿಡಿಎಸ್ ಪರೀಕ್ಷೆ ಬರೆಯುವವರಿಗೆ ಮಾತ್ರ ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ, ಅವರು ಇನ್ನಷ್ಟು ಎಚ್ಚರದಿಂದ ಇರಬೇಕು.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು. ಈ ವರ್ಷ ಪರೀಕ್ಷೆ ಬರೆಯುವ ಎಲ್ಲರಿಗೂ ಒಳ್ಳೆಯದಾಗಲಿ. ನಮಸ್ಕಾರ.