'ಬ್ಯಾಕಪ್ ಮುಗಿಯಿತು' ಅಂತ ಪ್ರೋಗ್ರಾಂ ಹೇಳಿದಾಗ: ವಿಬಿ 6ರಲ್ಲಿ ಫೈಲ್ ಕಾಪಿ ಮತ್ತು ಎರರ್‌ಗಳು

ಎಲ್ಲರಿಗೂ ನಮಸ್ಕಾರ.

ವಿಬಿ 6, ಅಂದರೆ ಮೈಕ್ರೋಸಾಫ್ಟ್‌ನ ಹಳೇ ಪ್ರೋಗ್ರಾಮಿಂಗ್ ಭಾಷೆ ವಿಶುವಲ್ ಬೇಸಿಕ್ 6 ಬಗ್ಗೆ ಈಗ ಯಾಕಪ್ಪಾ ಮಾತು ಅಂತ ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರುತ್ತದೆ. ಅದು ಬಂದದ್ದು 1998ರಲ್ಲಿ. ಅದರ ಎಡಿಟರ್‌ಗೆ ಮೈಕ್ರೋಸಾಫ್ಟ್ 2008ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿತು. ಆದರೆ ಅದರಲ್ಲಿ ಬರೆದ ಪ್ರೋಗ್ರಾಂಗಳು ವಿಂಡೋಸ್ 11ರಲ್ಲೂ ಓಡುತ್ತಿವೆ. ಎಕ್ಸೆಲ್ ಮ್ಯಾಕ್ರೋ ಬರೆಯುವವರು ಬಳಸುವುದೂ ಹೆಚ್ಚುಕಮ್ಮಿ ಇದೇ ಭಾಷೆ, ಎರರ್ ನಂಬರ್‌ಗಳೂ ಇವೇ. ಹಾಗಾಗಿ ಒಂದೇ ಒಂದು ಕೆಲಸದ ಬಗ್ಗೆ ಮಾತಾಡುತ್ತೇನೆ. ಫೈಲ್ ಕಾಪಿ ಮಾಡುವುದು, ಅದು ಕೈಕೊಟ್ಟರೆ ಏನು ಮಾಡಬೇಕು ಅನ್ನುವುದು.

ನಾಲ್ಕು ಸಾಲಿನ ಒಂದು ಕೋಡ್ ನೋಡೋಣ. ಹಳೇ ಬ್ಯಾಕಪ್ ಪ್ರೋಗ್ರಾಂಗಳಲ್ಲಿ ಇಂಥದ್ದು ಸಿಗುತ್ತಲೇ ಇರುತ್ತದೆ. ಮೊದಲ ಸಾಲು 'ಆನ್ ಎರರ್ ರೆಸ್ಯೂಮ್ ನೆಕ್ಸ್ಟ್'. ಎರಡನೇದು 'ಫೈಲ್‌ಕಾಪಿ', ಹೋದ ತಿಂಗಳ ಲೆಕ್ಕದ ಫೈಲ್ ಪೆನ್‌ಡ್ರೈವ್‌ಗೆ ಹೋಗಬೇಕು. ಮೂರನೇದು 'ಕಿಲ್', ಅಂದರೆ ಮೂಲ ಫೈಲನ್ನು ಅಳಿಸುವುದು. ನಾಲ್ಕನೇದು ಮೆಸೇಜ್ ಬಾಕ್ಸ್: ಬ್ಯಾಕಪ್ ಮುಗಿಯಿತು.

ಪೆನ್‌ಡ್ರೈವ್ ತುಂಬಿದೆ ಅಂದುಕೊಳ್ಳಿ. ಫೈಲ್‌ಕಾಪಿ 61ನೇ ಎರರ್ ಕೊಡುತ್ತದೆ, ಡಿಸ್ಕ್ ಫುಲ್. ಆದರೆ 'ಏನೇ ಆಗಲಿ, ಮುಂದಿನ ಸಾಲಿಗೆ ಹೋಗು' ಅಂತ ನಾವು ಮೊದಲೇ ಹೇಳಿಬಿಟ್ಟಿದ್ದೇವೆ. ಮುಂದಿನ ಸಾಲು ಯಾವುದು? ಕಿಲ್. ನಕಲು ಬರಲಿಲ್ಲ, ಮೂಲವೂ ಉಳಿಯಲಿಲ್ಲ. ಪರದೆ ಮೇಲೆ ಮಾತ್ರ ಎಲ್ಲ ಸರಿಯಾಗಿದೆ. ಇದು ಗೊತ್ತಾಗುವುದು ಆ ಫೈಲ್ ಬೇಕಾದ ದಿನ.

ರೆಸ್ಯೂಮ್ ನೆಕ್ಸ್ಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇದ್ದರೂ ಇರಬಹುದಾದ ಒಂದು ತಾತ್ಕಾಲಿಕ ಫೈಲನ್ನು ಅಳಿಸುವಾಗ ಅದೇ ಸಲೀಸು. ಆದರೆ ಆ ಒಂದು ಸಾಲು ಆದ ತಕ್ಷಣ ಎರರ್ ನಂಬರ್ ನೋಡಬೇಕು. ಆಮೇಲೆ 'ಆನ್ ಎರರ್ ಗೋಟು 0' ಅಂತ ಹಾಕಿ ಅದನ್ನು ನಿಲ್ಲಿಸಬೇಕು. ಇಡೀ ಸಬ್‌ರೂಟೀನ್‌ನ ತಲೆಯ ಮೇಲೆ ಅದನ್ನು ಇಟ್ಟರೆ ಮಾತ್ರ ಅಪಾಯ. ಎರರ್ ಬಾಕ್ಸ್ ಬಂದರೆ ಗ್ರಾಹಕರು ಫೋನ್ ಮಾಡುತ್ತಾರೆ ಅಂತ ಹಾಗೆ ಇಟ್ಟವರು ಜಾಸ್ತಿ!

ಸರಿಯಾದ ದಾರಿ 'ಆನ್ ಎರರ್ ಗೋಟು' ಮುಂದೆ ಒಂದು ಲೇಬಲ್, ಅಂದರೆ ಕೋಡ್‌ನ ಒಂದು ಜಾಗಕ್ಕೆ ನಾವಿಟ್ಟ ಹೆಸರು. ಎರರ್ ಬಂದರೆ ಆ ಲೇಬಲ್‌ಗೆ ಹೋಗುತ್ತದೆ. ಇಲ್ಲೂ ಒಂದೆರಡು ಗುಂಡಿಗಳಿವೆ. ಲೇಬಲ್‌ಗೆ ಮೊದಲು 'ಎಕ್ಸಿಟ್ ಸಬ್', ಅಂದರೆ 'ಇಲ್ಲಿಗೆ ಮುಗಿಸಿ ಹೊರಬಾ' ಅಂತ ಬರೆಯುವುದು ಮರೆತರೆ, ಕಾಪಿ ಚೆನ್ನಾಗಿ ಆದರೂ ಪ್ರೋಗ್ರಾಂ ಇಳಿದುಕೊಂಡು ಎರರ್ ಭಾಗಕ್ಕೇ ಬರುತ್ತದೆ. ಅಲ್ಲಿ 'ರೆಸ್ಯೂಮ್' (ಎರರ್ ಬಂದ ಸಾಲನ್ನೇ ಮತ್ತೆ ಓಡಿಸು) ಇದ್ದರೆ 20ನೇ ಎರರ್: ಎರರೇ ಇಲ್ಲ, ರೆಸ್ಯೂಮ್ ಯಾತಕ್ಕೆ ಅಂತ. ಇನ್ನೊಂದು, ಎರರ್ ಭಾಗದೊಳಗೆ ಮತ್ತೆ 'ಆನ್ ಎರರ್' ಬರೆದರೆ ಎರರ್ ನಂಬರ್ ಅಳಿಸಿಹೋಗುತ್ತದೆ. ಏನಾಯಿತು ಅಂತ ಬರೆದಿಡುವ ಲಾಗ್‌ನಲ್ಲಿ ಸುಮ್ನೆ ಸೊನ್ನೆ ಬಿದ್ದಿರುತ್ತದೆ. ಆದ್ದರಿಂದ ಒಳಗೆ ಕಾಲಿಟ್ಟ ಕೂಡಲೇ ನಂಬರನ್ನೂ ವಿವರಣೆಯನ್ನೂ ಎರಡು ವೇರಿಯೇಬಲ್‌ಗೆ ಹಾಕಿಕೊಳ್ಳಿ.

ಇನ್ನು ನಂಬರ್‌ಗಳು. 53 ಅಂದರೆ ಫೈಲ್ ಇಲ್ಲ. 76 ಅಂದರೆ ಪಾತ್, ಅಂದರೆ ಫೋಲ್ಡರ್‌ನ ದಾರಿಯೇ ಇಲ್ಲ. ಇವೆರಡಕ್ಕೆ ಮತ್ತೆ ಮತ್ತೆ ಪ್ರಯತ್ನಿಸಿ ಉಪಯೋಗವಿಲ್ಲ, ಬಳಸುವವರನ್ನೇ ಕೇಳಬೇಕು. 71 ಡಿಸ್ಕ್ ನಾಟ್ ರೆಡಿ, ಫ್ಲಾಪಿ ಹಾಕಲು ಮರೆತ ಕಾಲದ್ದು. ಇದಕ್ಕೆ ರಿಟ್ರೈ, ಕ್ಯಾನ್ಸಲ್ ಬಟನ್ ಕೊಟ್ಟರೆ ಸಾಕು. ಆ ಬಟನ್ ಕೊಡದೆ ಬರೀ ರೆಸ್ಯೂಮ್ ಬರೆದರೆ ಡಿಸ್ಕ್ ಸಿಗುವ ತನಕ ಅದೇ ಸಾಲಲ್ಲಿ ಗಿರಕಿ ಹೊಡೆಯುತ್ತದೆ. ನೋಡುವವರಿಗೆ ಕಂಪ್ಯೂಟರ್ ಹ್ಯಾಂಗ್ ಆದಂತೆ.

ತಲೆ ತಿನ್ನುವುದು 70, ಪರ್ಮಿಷನ್ ಡಿನೈಡ್. ಡಿಸ್ಕ್‌ಗೆ ಬರೆಯಲು ಬಿಡದಿದ್ದರೂ ಇದೇ, ಫೈಲ್ ಇನ್ನೊಬ್ಬರ ಕೈಯಲ್ಲಿದ್ದರೂ ಇದೇ. ವಿಬಿ 6 ಪ್ರೋಗ್ರಾಂಗಳ ಡೇಟಾ ಬಹಳಷ್ಟು ಕಡೆ ಮೈಕ್ರೋಸಾಫ್ಟ್ ಆಕ್ಸೆಸ್ ಅನ್ನುವ ಡೇಟಾಬೇಸ್‌ನ ಎಂಡಿಬಿ ಫೈಲ್‌ನಲ್ಲಿರುತ್ತದೆ. ಪಕ್ಕದ ಕಂಪ್ಯೂಟರ್‌ನಲ್ಲಿ ಯಾರೋ ಬಿಲ್ ಹಾಕುತ್ತಿದ್ದಾರೆ, ನೀವು ಇಲ್ಲಿ ಬ್ಯಾಕಪ್ ಒತ್ತುತ್ತೀರಿ, 70 ಬರುತ್ತದೆ. ಆಗ ಯಾರೋ ಒಂದು ಉಪಾಯ ಹೇಳುತ್ತಾರೆ: ಫೈಲ್‌ಕಾಪಿ ಬಿಡಿ, ವಿಂಡೋಸ್‌ ಜೊತೆಗೇ ಬರುವ ಫೈಲ್‌ಸಿಸ್ಟಮ್ಆಬ್ಜೆಕ್ಟ್‌ನ ಕಾಪಿಫೈಲ್ ಬಳಸಿ, ತೆರೆದ ಫೈಲೂ ಕಾಪಿ ಆಗುತ್ತೆ ಅಂತ. ನಿಜ, ಆಗುತ್ತದೆ. ಆದರೆ ಬಿಲ್‌ನ ಅರ್ಧ ಬರೆದು ಇನ್ನರ್ಧ ಬಾಕಿ ಇರುವಾಗ ತೆಗೆದ ಎಂಡಿಬಿ ನಕಲು ಆಮೇಲೆ ತೆರೆಯದೇ ಹೋಗಬಹುದು. ಇಲ್ಲಿ 70 ಬಂದದ್ದೇ ಒಳ್ಳೆಯದಾಯ್ತು ಅಲ್ವಾ? ಎಂಡಿಬಿ ಪಕ್ಕದಲ್ಲಿ ಎಲ್‌ಡಿಬಿ ಫೈಲ್, ಅಂದರೆ ಅದನ್ನು ತೆರೆದಾಗ ತಾನಾಗೇ ಹುಟ್ಟುವ ಬೀಗದ ಫೈಲ್ ಇದೆಯಾ ನೋಡಿ. ಇದ್ದರೆ ಯಾರೋ ಒಳಗಿದ್ದಾರೆ ಅಂತಲೇ ಸಾಮಾನ್ಯವಾಗಿ ಅರ್ಥ. ಅವರು ಹೊರಬರಲಿ, ಆಮೇಲೆ ಕಾಪಿ ಮಾಡಿ.

ಕಾಪಿಫೈಲ್‌ಗೆ ಇನ್ನೊಂದು ಗುಣ ಇದೆ. ನಕ್ಷತ್ರ ಚಿಹ್ನೆ ಹಾಕಿ ಇಡೀ ಫೋಲ್ಡರ್‌ನ ಫೈಲ್‌ಗಳನ್ನು ಕಳಿಸಿದರೆ, ಮೊದಲ ಎರರ್ ಬಂದಲ್ಲೇ ನಿಲ್ಲುತ್ತದೆ. ಅಲ್ಲಿಯ ತನಕ ಹೋದವು ಹೋದವು, ಮಿಕ್ಕವು ಇಲ್ಲ. ಹಿಂದಕ್ಕೆ ತೆಗೆದುಕೊಳ್ಳುವ ಏರ್ಪಾಡಿಲ್ಲ. ಒಂದೊಂದೇ ಫೈಲ್ ಕಳಿಸಿ, ಯಾವುದು ಹೋಯಿತು ಯಾವುದು ಬಿತ್ತು ಅಂತ ಬರೆದಿಟ್ಟುಕೊಳ್ಳುವುದೇ ವಾಸಿ.

ಹಾಗಾದರೆ ಆ ನಾಲ್ಕು ಸಾಲನ್ನು ಹೇಗೆ ಬರೆಯಬೇಕಿತ್ತು? ಫೈಲ್‌ಕಾಪಿ ಗುರಿಯಲ್ಲಿ ಅದೇ ಹೆಸರಿನ ಫೈಲ್ ಇದ್ದರೆ ಕೇಳದೆ ಅದರ ಮೇಲೆಯೇ ಬರೆಯುತ್ತದೆ. ನಡುವೆ ಕರೆಂಟ್ ಹೋದರೆ ಹಳೇ ಬ್ಯಾಕಪ್ಪೂ ಹಾಳು. ಆದ್ದರಿಂದ ಮೊದಲು ಬೇರೆ ಹೆಸರಲ್ಲಿ ಕಾಪಿ ಮಾಡಿ. 'ಫೈಲ್‌ಲೆನ್' ಹಾಕಿ ಎರಡರ ಅಳತೆ ಹೋಲಿಸಿ. ಸರಿಯಿದ್ದರೆ ಹಳೇ ಬ್ಯಾಕಪ್‌ನ ಹೆಸರು ಬದಲಿಸಿ ಪಕ್ಕಕ್ಕಿಡಿ, ಆಮೇಲೆ ಹೊಸದಕ್ಕೆ ನಿಜವಾದ ಹೆಸರು ಕೊಡಿ. ಪಕ್ಕಕ್ಕಿಡದೆ ಹೆಸರು ಬದಲಿಸಲು ಹೋದರೆ 'ನೇಮ್' ಒಪ್ಪುವುದಿಲ್ಲ, 58 ಕೊಡುತ್ತದೆ. ಮೂಲವನ್ನು ಅಳಿಸಲೇಬೇಕು ಅಂತಿದ್ದರೆ ಅದು ಇಷ್ಟೆಲ್ಲ ಆದ ಮೇಲಿನ ಮಾತು.

ಈಗ ಕನ್ನಡದವರಾದ ನಮಗೇ ಕಾದಿರುವ ಒಂದು ಹೊಂಡದ ಬಗ್ಗೆ. ವಿಬಿ 6 ಒಳಗೆ ಅಕ್ಷರಗಳನ್ನು ಕನ್ನಡಕ್ಕೂ ಜಾಗವಿರುವ ಯೂನಿಕೋಡ್‌ನಲ್ಲೇ ಇಟ್ಟುಕೊಳ್ಳುತ್ತದೆ. ಆದರೆ ಫೈಲ್‌ಕಾಪಿ, ಕಿಲ್, ಫೈಲ್ ಹುಡುಕುವ ಡಿರ್ ಇವೆಲ್ಲ ಹೊರಗೆ ಹೋಗುವಾಗ ಹೆಸರನ್ನು ವಿಂಡೋಸ್‌ನ ಹಳೇ ಕೋಡ್ ಪೇಜ್‌ಗೆ, ಅಂದರೆ ಕೆಲವೇ ಅಕ್ಷರಗಳ ಪಟ್ಟಿಗೆ ಬದಲಿಸುತ್ತವೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅಲ್ಲಿ ಕನ್ನಡಕ್ಕೆ ಜಾಗವಿಲ್ಲ. ಒಂದೊಂದು ಸಂಕೇತಕ್ಕೂ ಒಂದು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. 'ಲೆಕ್ಕ' ಅಂತ ಹೆಸರಿಟ್ಟರೆ ಐದು ಪ್ರಶ್ನೆ ಚಿಹ್ನೆ: ಲ, ಎತ್ವ, ಕ, ಹಲಂತ, ಇನ್ನೊಂದು ಕ.

ಆ ಹೆಸರನ್ನು ಫೈಲ್‌ಕಾಪಿ ಒಪ್ಪುವುದಿಲ್ಲ, ಎರರ್ ಕೊಡುತ್ತದೆ. ಆದರೆ ಕಿಲ್‌ಗೆ ಪ್ರಶ್ನೆ ಚಿಹ್ನೆ ಅಂದರೆ 'ಇಲ್ಲಿ ಯಾವ ಅಕ್ಷರ ಇದ್ದರೂ ಸರಿ'. ನಮ್ಮ ನಾಲ್ಕು ಸಾಲಿನ ಕೋಡ್‌ನಲ್ಲಿ ಇದನ್ನು ಓಡಿಸಿ ನೋಡಿ. ಕಾಪಿ ಆಗಲಿಲ್ಲ, ಎರರ್ ನುಂಗಿಕೊಂಡಿತು, ಕಿಲ್ ಬಂತು. ಅದೇ ಫೋಲ್ಡರ್‌ನಲ್ಲಿ ಇಂಗ್ಲಿಷಿನಲ್ಲಿ 'ಸೇಲ್ಸ್' ಅಂತ ಐದು ಅಕ್ಷರದ, ಅದೇ ಥರದ ಇನ್ನೊಂದು ಫೈಲ್ ಇದ್ದರೆ ಅದು ಅಳಿಸಿಹೋಗಬಹುದು. ಬ್ಯಾಕಪ್ ಮಾಡಲು ಹೊರಟದ್ದು ಲೆಕ್ಕವನ್ನು, ಕಳೆದುಕೊಂಡದ್ದು ಸೇಲ್ಸ್!

ಕನ್ನಡದ ಹೆಸರಿದ್ದಲ್ಲಿ ಫೈಲ್‌ಸಿಸ್ಟಮ್ಆಬ್ಜೆಕ್ಟ್ ಬಳಸಿ. ಅದು ಯೂನಿಕೋಡ್ ಹೆಸರನ್ನು ಹಾಗೇ ಹಿಡಿಯುತ್ತದೆ. ಎಡಿಟರ್‌ನಲ್ಲಿ ಕನ್ನಡ ಟೈಪ್ ಮಾಡಲಾಗದು, ಹಾಗಾಗಿ ಹೆಸರುಗಳನ್ನು ಫೋಲ್ಡರ್‌ನ ಫೈಲ್ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು. ವಿಬಿಯ ಮೆಸೇಜ್ ಬಾಕ್ಸ್‌ನಲ್ಲೂ ಆ ಹೆಸರು ಪ್ರಶ್ನೆ ಚಿಹ್ನೆಯಾಗೇ ಕಾಣುತ್ತದೆ, ಗಾಬರಿಯಾಗಬೇಡಿ. ಲಾಗ್ ಬರೆಯುವ ಫೈಲನ್ನು ಮಾತ್ರ ಯೂನಿಕೋಡ್ ಅಂತ ಹೇಳಿಯೇ ತೆರೆಯಿರಿ. ಇಲ್ಲದಿದ್ದರೆ ಯಾವ ಫೈಲ್ ಬಿತ್ತು ಅಂತ ಲಾಗ್ ನೋಡಿದರೂ ಗೊತ್ತಾಗುವುದಿಲ್ಲ.

ಈ ಲ್ಯಾಪ್‌ಟಾಪ್‌ನಲ್ಲಿ ತುಂಬಿದ ಪೆನ್‌ಡ್ರೈವ್ ಒಂದಿದೆ, ಕನ್ನಡ ಹೆಸರಿನ ಫೈಲ್‌ಗಳ ಫೋಲ್ಡರ್ ಒಂದಿದೆ. ಎರಡರ ಮೇಲೂ ಆ ನಾಲ್ಕು ಸಾಲನ್ನು ಈಗ ಓಡಿಸುತ್ತೇನೆ. ಪ್ರಶ್ನೆಗಳಿದ್ದರೆ ನಡುನಡುವೆಯೇ ಕೇಳಿ.